ಯಜಮಾನರು ಸರ್ವರ್ ಮನೆ ಬದಲಿಸಿದ್ದು

ಈ ಮನೆಯಲ್ಲಿ ತಮ್ಮ ಮಾತು ಕೇಳುವ ಪ್ರಾಣಿ ಎಂದರೆ ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿರುವ ಸರ್ವರ್ ಒಂದೇ ಎಂಬುದು ಯಜಮಾನರ ಬಹುಕಾಲದ ಅಳಲು. ಹೆಂಡತಿ ಕೇಳುವುದಿಲ್ಲ, ಮಗಳಿಗೆ ಕೇಳಿಸುವುದೇ ಇಲ್ಲ, ಅತ್ತೆಯವರಂತೂ ಪೂರ್ತಿ ಕೇಳಿಸಿಕೊಂಡು ಆಮೇಲೆ ಉಲ್ಟಾ ಮಾಡುತ್ತಾರೆ. ಸರ್ವರ್ ಹಾಗಲ್ಲ. ಏಳು ಎಂದರೆ ಏಳುತ್ತದೆ, ಮಲಗು ಎಂದರೆ ಮಲಗುತ್ತದೆ. ಅಂಥ ಸರ್ವರ್ ಕೂಡ ಆ ಭಾನುವಾರ ಬೆಳಿಗ್ಗೆ ಎದುರುತ್ತರ ಕೊಡಲು ಶುರುಮಾಡಿತು. ಅದರ ಹೊಟ್ಟೆಯೊಳಗಿಂದ ಕಟಕಟ ಎಂಬ ಸದ್ದು.

“ಅಳಿಯಂದ್ರೇ, ನಿಮ್ಮ ಯಂತ್ರ ಹಲ್ಲು ಕಡೀತಾ ಇದೆ,” ಎಂದು ಅತ್ತೆಯವರು ಅಡುಗೆಮನೆಯಿಂದಲೇ ಕೂಗಿದರು. “ಹೊಟ್ಟೇಲಿ ಹುಳ ಇದ್ರೆ ಹೀಗೇ ಕಡಿಯೋದು.”

ಇವರನ್ನು ಯಜಮಾನರು ಎಂದು ಕರೆಯುತ್ತಿರುವುದು ಬರೀ ಮರ್ಯಾದೆಗೆ. ಆ ಮನೆಯ ಯಜಮಾನಿಕೆ ಯಾರ ಕೈಯಲ್ಲಿದೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ. ಒಂದು ಕಾಲಕ್ಕೆ ಮಾತ್ರ ಅವರು ನಿಜವಾದ ಯಜಮಾನರೇ ಆಗಿದ್ದರು. ಚಪ್ಪಲಿ ಕಾರ್ಖಾನೆಯ ಕಂಪ್ಯೂಟರ್ ಕೋಣೆ ಅವರ ಸುಪರ್ದಿನಲ್ಲಿತ್ತು. ಸದಾ ತಣ್ಣಗಿರುವ, ಸದಾ ಗುಂಯ್ ಎನ್ನುವ ಆ ಕೋಣೆಗೆ ಅವರ ಅಪ್ಪಣೆಯಿಲ್ಲದೆ ಮ್ಯಾನೇಜರ್ ಕೂಡ ಕಾಲಿಡುವಂತಿರಲಿಲ್ಲ. ಇಡುವುದಾದರೂ ಚಪ್ಪಲಿ ಹೊರಗೆ ಬಿಟ್ಟು ಇಡಬೇಕಿತ್ತು (ಆ ಚಪ್ಪಲಿ ಕಾರ್ಖಾನೆಯಲ್ಲಿ ಜನ ಬರಿಗಾಲಲ್ಲಿ ಓಡಾಡುತ್ತಿದ್ದ ಏಕೈಕ ಜಾಗ ಅದು). ಆಮೇಲೆ ಒಂದು ದಿನ ಮೇಲಿನವರು ಎಲ್ಲವನ್ನೂ ಎಲ್ಲೋ ದೂರದ ಬಾಡಿಗೆ ಯಂತ್ರಗಳಿಗೆ ಸಾಗಿಸಿಬಿಟ್ಟರು. ಕೋಣೆ ತಿರಸ್ಕೃತ ಚಪ್ಪಲಿಗಳ ಗೋದಾಮಾಯಿತು. ಯಜಮಾನರಿಗೆ ಗೇಟಿನ ಬಳಿಯ ಹಾಜರಿ ಯಂತ್ರದ ಉಸ್ತುವಾರಿ ಬಂತು. ಅಂದರೆ, ಊರಿನವರ ಹೆಬ್ಬೆಟ್ಟೆಲ್ಲ ಒತ್ತಿ ಮಸುಕಾದ ಗಾಜನ್ನು ಬಟ್ಟೆಯಿಂದ ಒರೆಸುವ ಕೆಲಸ. ಸಂಬಳ ಮೊದಲಿನಷ್ಟೇ ಉಳಿಯಿತು. ಅವರಿಗೆ ಹೆಚ್ಚು ನೋವಾದದ್ದು ಅದೇ.

ಗುಜರಿಗೆ ಹೊರಟಿದ್ದ ಸರ್ವರುಗಳಲ್ಲಿ ಒಂದನ್ನು ಅವರು ಕೇಳಿ ಪಡೆದು, ಟವೆಲ್ ಹೊದಿಸಿ, ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಅದನ್ನು ತಬ್ಬಿಕೊಂಡೇ ಕೂತು ಮನೆಗೆ ತಂದರು. ಅದಕ್ಕೆ ಜಾಗ ಮಾಡಲು ಬಟ್ಟೆ ಒಗೆಯುವ ಯಂತ್ರ ಬಾಲ್ಕನಿಗೆ ಎತ್ತಂಗಡಿಯಾಯಿತು. ಅಂದಿನಿಂದ ಮಳೆ ಬಂದರೆ ಬಟ್ಟೆಯ ಜೊತೆಗೆ ಒಗೆಯುವವರೂ ನೆನೆಯುತ್ತಾರೆ.

ಸರ್ವರ್ ಬಂದ ಮೇಲೆ ಅದರಲ್ಲಿ ಒಕ್ಕಲು ಬೇಕಲ್ಲ? ಯಜಮಾನರು ಊಟದ ಮೇಜಿನ ಮೇಲೆ ಒಂದು ತಟ್ಟೆ ಇಟ್ಟು, ಅದರೊಳಗೆ ಲೋಟಗಳನ್ನು ಜೋಡಿಸಿ ಎಲ್ಲರಿಗೂ ಪಾಠ ಮಾಡಿದ್ದರು.

“ಇದಕ್ಕೆ ವರ್ಚುವಲ್ ಮಷೀನ್ ಅಂತಾರೆ. ಯಂತ್ರ ಒಂದೇ, ಈ ತಟ್ಟೆ ಥರ. ಒಳಗೆ ಗೋಡೆ ಎಬ್ಬಿಸಿ ಎಲ್ಲರಿಗೂ ಒಂದೊಂದು ಕೋಣೆ. ಒಳಗಿರೋರಿಗೆ ಇದು ನಂದೇ ಸ್ವಂತ ಯಂತ್ರ ಅನ್ಸುತ್ತೆ. ಪಕ್ಕದಲ್ಲಿ ಇನ್ನೊಬ್ರು ಇದಾರೆ ಅಂತ ಗೊತ್ತೇ ಆಗಲ್ಲ.”

“ಅಂದ್ರೆ ಸ್ವಂತದ್ದಲ್ಲ, ಸ್ವಂತದ್ದು ಅನ್ನೋ ಭ್ರಮೆ,” ಎಂದರು ಅತ್ತೆ. “ನಾನು ಈ ಮನೇಲಿ ಇರೋ ಹಾಗೆ.”

ಅಂತೂ ನಾಲ್ಕು ಕೋಣೆಗಳಾದವು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿಗೆ ಒಂದು. ಪ್ರಶ್ನೆಪತ್ರಿಕೆ, ಪಾಠದ ವಿಡಿಯೊ ಎಲ್ಲ ಅಲ್ಲಿ. ಕಟ್ಟಡ ವಿನ್ಯಾಸ ಓದುತ್ತಿದ್ದ ಮಗಳ ನಕ್ಷೆಗಳಿಗೆ ಒಂದು. ಅತ್ತೆಗೆ ಒಂದು: ಅದರಲ್ಲಿ ತೀರಿಕೊಂಡ ಮಾವನವರ ಫೋಟೊಗಳೂ, ಅವರು ನೀರಿನ ಟ್ಯಾಂಕು ತೊಳೆಯುವವನ ಮೇಲೆ ಕೂಗಾಡುತ್ತಿದ್ದಾಗ ಆಕಸ್ಮಿಕವಾಗಿ, ಈಗ ಹಾಳಾಗಿಹೋಗಿರುವ ಒಂದು ಕ್ಯಾಸೆಟ್ಟಿನಲ್ಲಿ ಸಿಕ್ಕಿಬಿದ್ದ ಧ್ವನಿಯೂ ಇದ್ದವು. ಮಾವನವರ ದನಿ ಎಂದು ಭೂಮಿಯ ಮೇಲೆ ಉಳಿದಿದ್ದು ಆ ಬೈಗುಳವೊಂದೇ. ಅತ್ತೆಯವರು ಅದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಉಳಿದ ಒಂದು ಕೋಣೆ ಯಜಮಾನರದು. ಎಲ್ಲರ ಸಾಮಾನಿನ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್, ಅವರು ಅಲ್ಲೇ ಇಟ್ಟುಕೊಂಡಿದ್ದರು.

ಕೋಣೆ ಕಟ್ಟಿಕೊಟ್ಟವರೇ ಆದರೂ ಇನ್ನೊಬ್ಬರ ಕೋಣೆಗೆ ಇಣುಕುವುದು ಅವರ ಜಾಯಮಾನವಲ್ಲ. ಹೊರಗಿನಿಂದ ದೀಪ ಉರಿಯುತ್ತಿದೆಯೇ ಎಂದು ನೋಡುವುದಷ್ಟೇ. ಆದರೆ ವಾರಕ್ಕೊಮ್ಮೆಯಾದರೂ ಯಾರಾದರೂ ದೂರು ತರುತ್ತಿದ್ದರು. “ರೀ, ಇವತ್ತು ಯಾಕೋ ನಿಧಾನ ಇದೆ.” “ಅಪ್ಪಾ, ನನ್ನ ಕೋಣೆ ಬಾಗಿಲೇ ತೆಗೀತಿಲ್ಲ.” ಯಜಮಾನರು ಹುಬ್ಬು ಗಂಟಿಕ್ಕಿ, ಒಳಗೊಳಗೇ ಹಿಗ್ಗಿ, ಸಣ್ಣ ಕೋಣೆಗೆ ಹೋಗಿ ಏನೋ ತಿರುವಿ ಬರುತ್ತಿದ್ದರು. ದಿನವಿಡೀ ಗಾಜು ಒರೆಸಿ ಬಂದ ಮನುಷ್ಯನಿಗೆ ಸಂಜೆ ಒಬ್ಬರಾದರೂ “ಸ್ವಲ್ಪ ನೋಡಿ” ಎಂದರೆ ನಿದ್ದೆ ಹತ್ತುತ್ತಿತ್ತು. ಇದರಲ್ಲಿ ತಮಾಷೆಯೇನೂ ಇಲ್ಲ. ಅವರು ಯಾರಿಗಾದರೂ ಬೇಕಾದವರಾಗಿ ಉಳಿದಿದ್ದ ಜಾಗ ಅದೊಂದೇ, ಅದು ಅವರಿಗೂ ಗೊತ್ತಿತ್ತು.

ಅಂಥ ಯಂತ್ರ ಈಗ ಹಲ್ಲು ಕಡಿಯುತ್ತಿತ್ತು. ಯಜಮಾನರು ಅದರ ಪಕ್ಕೆಗೆ ಕಿವಿಯಿಟ್ಟು ಕೇಳಿ, ಗಂಭೀರವಾಗಿ ಹೊರಗೆ ಬಂದರು. ಹೆಂಡತಿ ಮೇಜಿನ ಬಳಿ ಉತ್ತರಪತ್ರಿಕೆ ತಿದ್ದುತ್ತಿದ್ದಳು.

“ಡಿಸ್ಕ್ ಕೊನೆಯುಸಿರೆಳೀತಾ ಇದೆ. ಹೊಸ ಡಿಸ್ಕಿಗೆ ಮಹಾ ಸ್ಥಳಾಂತರ ಆಗ್ಬೇಕು. ರೂಟ್ ಸಮೇತ.”

“ರೂಟ್ ಅಂದ್ರೆ?”

“ಬುಡ. ಯಂತ್ರ ನಿಂತಿರೋದೇ ಅದರ ಮೇಲೆ. ನಮ್ಮ ನಾಲ್ಕೂ ಕೋಣೆ ಅದಕ್ಕೇ ಅಂಟಿಕೊಂಡಿರೋದು.”

“ಬುಡ ಸಮೇತ ಕಿತ್ತು ನೆಟ್ರೆ ಬಾಡಿಹೋಗಲ್ವೇನ್ರೀ? ರಿಪೇರಿ ಅಂಗಡಿಯವನನ್ನ ಕರೆಸಿ.”

“ಅಂಗಡಿಯವನು!” ಯಜಮಾನರಿಗೆ ಮೈಯೆಲ್ಲ ಉರಿಯಿತು. “ಇಡೀ ಕಾರ್ಖಾನೆಯನ್ನ ಒಂದು ಡಿಸ್ಕಿಂದ ಇನ್ನೊಂದು ಡಿಸ್ಕಿಗೆ ಎತ್ತಿಟ್ಟೋನು ನಾನು. ಒಂದು ಚಪ್ಪಲಿ ಲೆಕ್ಕ ತಪ್ಪಿಲ್ಲ.”

“ಆಗ ನಿಮ್ಮ ಜೊತೆ ಇನ್ನಿಬ್ರು ಇದ್ರು.”

“ಅವರಿದ್ದಿದ್ದು ಟಾರ್ಚ್ ಹಿಡಿಯೋಕೆ!”

ಮಗಳು ಕೋಣೆಯಿಂದ ತಲೆ ಹೊರಹಾಕಿದಳು. “ಅಪ್ಪಾ, ಮೊದಲು ಎಲ್ಲದರ ಒಂದು ಪ್ರತಿ ಬೇರೆ ಕಡೆ ಇಟ್ಕೋ.”

“ಬ್ಯಾಕಪ್ ಇದೆ ಮಗಳೇ.”

“ಎಲ್ಲಿದೆ?”

“ನನ್ನ ಕೋಣೇಲಿ. ಭದ್ರವಾಗಿದೆ.”

“ಅಂದ್ರೆ ಅದೇ ಡಿಸ್ಕಲ್ಲೇ...” ಎಂದು ಮಗಳು ಬಾಯಿ ತೆರೆದಳು. ಅಮ್ಮ ಕಣ್ಣಿನಲ್ಲೇ ಏನೋ ಹೇಳಿದಳು. ಮಗಳು ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತಮ್ಮ ಅನುಭವಕ್ಕೆ ಹೊಸ ತಲೆಮಾರು ತಲೆಬಾಗಿತು ಎಂದು ಯಜಮಾನರು ತಿಳಿದುಕೊಂಡರು.

ಹೊಸ ಡಿಸ್ಕ್ ತಂದದ್ದಾಯಿತು. ಶಾಸನ ಹೊರಟಿತು. ಕಾರ್ಯ ಮುಗಿಯುವ ತನಕ ಮಿಕ್ಸಿ ಹಾಕಕೂಡದು, ಇಸ್ತ್ರಿ ಹಿಡಿಯಕೂಡದು, ಬಟ್ಟೆ ಒಗೆಯಕೂಡದು, ಕರೆಂಟಿನ ಮೇಲೆ ಭಾರ ಬೀಳುವ ಯಾವ ಚಟುವಟಿಕೆಯೂ ನಡೆಯಕೂಡದು, ಬಾಗಿಲನ್ನು ಧಡಾರನೆ ಹಾಕಲೇಕೂಡದು.

“ಉಸಿರಾಡ್ಬಹುದಾ?” ಎಂದು ಅತ್ತೆ ಕೇಳಿದರು.

“ನಿಧಾನಕ್ಕೆ ಆಡಿ,” ಎಂದರು ಯಜಮಾನರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಹೊಸ ಡಿಸ್ಕನ್ನು ಹಳೆಯ ಸಂಸಾರದ ಒಳಗೇ ಒಂದು ಮೂಲೆಗೆ ಸಿಕ್ಕಿಸಿ, ‘ಇಲ್ಲಿ ಇರುವುದನ್ನೆಲ್ಲ ಅಲ್ಲಿಗೆ ನಕಲು ಮಾಡು’ ಎಂದು ಅಪ್ಪಣೆ ಕೊಟ್ಟರು. ವಿಧೇಯ ಯಂತ್ರ ಕೋಣೆ ಕೋಣೆಯನ್ನೂ ನಕಲು ಮಾಡುತ್ತ ಬಂದು ಆ ಮೂಲೆಗೂ ತಲುಪಿತು. ಅಲ್ಲಿ ಹೊಸ ಡಿಸ್ಕಿನೊಳಗೆ ತಾನೇ ಈಗಷ್ಟೇ ಮಾಡಿದ ನಕಲುಗಳಿದ್ದವು. ಇವೂ ‘ಇರುವುದೇ’ ತಾನೇ ಎಂದು ಅವನ್ನೂ ನಕಲು ಮಾಡಿತು. ಆಮೇಲೆ ನಕಲಿನ ನಕಲು, ಅದರ ಇನ್ನೊಂದು ನಕಲು. ಹೀಗೆ ಊಟದ ಹೊತ್ತಿಗೆ ಹೊಸ ಡಿಸ್ಕ್ ಕಂಠಮಟ್ಟ ತುಂಬಿ, ಇನ್ನು ಒಂದು ಅಕ್ಷರವೂ ಇಳಿಯದು ಎಂದು ಮುಷ್ಕರ ಹೂಡಿತು.

“ಏನಾಯ್ತ್ರೀ?” ಎಂದಳು ಹೆಂಡತಿ.

“ಏನಿಲ್ಲ. ತನ್ನನ್ನ ತಾನೇ ನುಂಗ್ತಾ ಇತ್ತು. ಬೈದಿದೀನಿ.”

ಬೈದದ್ದು ನಿಜವೇ. ಹೊಸ ಡಿಸ್ಕಿನಲ್ಲಿ ತುಂಬಿದ್ದನ್ನೆಲ್ಲ ಅಳಿಸಿ, ಎರಡನೆಯ ಸಲ ಅಪ್ಪಣೆ ಕೊಡುವಾಗ ಯಜಮಾನರು ಒಂದು ಕಟ್ಟುನಿಟ್ಟಾದ ಷರತ್ತು ಸೇರಿಸಿದರು: ‘ನೀನು ನಿಂತಿರುವ ಮನೆಯೊಳಗೆ ಮಾತ್ರ ಓಡಾಡು. ಹೊಸಿಲು ದಾಟಿ ಬೇರೆ ಭಾಗಕ್ಕೆ ಕಾಲಿಡಬೇಡ.’ ಹೀಗೆ ಹೇಳಿದರೆ ಅದು ಹೊಸ ಡಿಸ್ಕಿನೊಳಕ್ಕೆ ಮತ್ತೆ ನುಗ್ಗುವುದಿಲ್ಲ. ಇಂಥ ಷರತ್ತುಗಳನ್ನು ಹಾಕಬಲ್ಲವರು ಬಹಳ ಜನವಿಲ್ಲ ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು ಒಂದು ಲೋಟ ಚಹಾ ಕುಡಿದರು.

ಇಲ್ಲಿ ಒಂದು ಸಣ್ಣ ಸಂಗತಿ ಇದೆ. ಅದು ನಮಗೆ ಗೊತ್ತಿರಲಿ, ಯಜಮಾನರಿಗೆ ಮರೆತುಹೋಗಿತ್ತು. ಸರ್ವರನ್ನು ಮನೆಗೆ ತಂದ ಹೊಸತರಲ್ಲಿ ಅವರು ಅತಿ ಜಾಣತನದಿಂದ ಆ ನಾಲ್ಕು ಕೋಣೆಗಳನ್ನು ಯಂತ್ರದ ದೊಡ್ಡ ಮನೆಯಲ್ಲಿ ಕಟ್ಟದೆ, ಅದೇ ಹಳೆಯ ಡಿಸ್ಕಿನ ಹಿತ್ತಲಲ್ಲಿ ಬೇರೆ ಭಾಗ ಮಾಡಿ ಕಟ್ಟಿದ್ದರು. ದೊಡ್ಡ ಮನೆಯಲ್ಲಿ ಇದ್ದದ್ದು ಅವುಗಳಿಗೆ ಹೋಗುವ ಬಾಗಿಲು ಮಾತ್ರ. ನಕಲು ಮಾಡುತ್ತ ಬಂದ ಯಂತ್ರ ಆ ಬಾಗಿಲಲ್ಲಿ ನಿಂತಿತು. ಆಚೆಗೆ ಬೇರೆ ಭಾಗ, ಹೊಸಿಲು ದಾಟಬೇಡ ಎಂದು ದೊಡ್ಡವರ ಮಾತು. ಅದು ಬಾಗಿಲ ಚೌಕಟ್ಟನ್ನು ಮಾತ್ರ ಅಚ್ಚುಕಟ್ಟಾಗಿ ನಕಲು ಮಾಡಿಕೊಂಡು ವಾಪಸು ಹೋಯಿತು. ಜೀವಮಾನದಲ್ಲಿ ಯಜಮಾನರ ಮಾತನ್ನು ಯಾರಾದರೂ ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ.

ಸಂಜೆಯ ಹೊತ್ತಿಗೆ ಸರ್ವರನ್ನು ಹೊಸ ಡಿಸ್ಕಿನಿಂದ ಎಬ್ಬಿಸಿದರು. ಎದ್ದಿತು! ಬಾಗಿಲು ತೆರೆದರು. ನಾಲ್ಕೂ ಕೋಣೆಗಳಲ್ಲಿ ದೀಪ ಉರಿಯುತ್ತಿತ್ತು. ಉರಿಯದೆ ಏನು? ಹಳೆಯ ಡಿಸ್ಕ್ ಇನ್ನೂ ಪಕ್ಕದಲ್ಲೇ ಇತ್ತು, ಹೊಸ ಮನೆಯ ಬಾಗಿಲು ಹಳೆಯ ಹಿತ್ತಲಿಗೇ ತೆರೆದುಕೊಂಡಿತ್ತು. ಯಜಮಾನರು ಹೊರಗೆ ಬಂದು ಮನೆಮಂದಿಯ ಮುಂದೆ ನಿಂತರು.

“ಸ್ಥಳಾಂತರ ಸಂಪನ್ನವಾಯ್ತು. ಒಂದು ಕೂದಲೂ ಕೊಂಕಿಲ್ಲ.”

“ಮಿಕ್ಸಿ ಹಾಕ್ಬಹುದಾ?” ಎಂದರು ಅತ್ತೆ.

ಅಲ್ಲಿಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು: ಬಿಟ್ಟು ಬಂದ ಡಿಸ್ಕನ್ನು ಹಾಗೇ ಇಡಕೂಡದು, ಮೊದಲಿಂದ ಕೊನೆಯ ತನಕ ಬರೀ ಸೊನ್ನೆ ಬರೆದು ತೊಳೆಯಬೇಕು. ಚಪ್ಪಲಿಯ ಗುಟ್ಟು ಹೊರಗಿನವರ ಕೈಗೆ ಸಿಗಬಾರದು ನೋಡಿ. ಮನೆಯ ಡಿಸ್ಕಿನಲ್ಲಿ ಯಾವ ಗುಟ್ಟಿತ್ತೋ ಕಾಣೆ. ಆದರೂ ತೊಳೆಯದೆ ಬಿಟ್ಟರೆ ಕೆಲಸ ಅರ್ಧ ಎಂದು ಅವರ ಮನಸ್ಸಿಗೆ ಅನಿಸಿತು. ಗಾಜು ಒರೆಸುವವನ ಕೆಲಸವಲ್ಲ ಇದು, ಕೋಣೆಯ ಯಜಮಾನನ ಕೆಲಸ. ನಾಲ್ಕೂ ಕೋಣೆಗಳನ್ನು ಮಲಗಿಸಿ, ಹಳೆಯ ಡಿಸ್ಕಿನ ಮೇಲೆ ಸೊನ್ನೆ ಸುರಿಯಲು ಹೇಳಿ, ತೃಪ್ತಿಯಿಂದ ಕೈ ತೊಳೆದುಕೊಂಡರು.

ಮರುದಿನ ಕಾರ್ಖಾನೆಯಿಂದ ಬಂದವರೇ ಬೂಟು ಬಿಚ್ಚಿ ಸಣ್ಣ ಕೋಣೆಗೆ ಹೋದರು. ಮೊದಲು ತಮ್ಮ ಕೋಣೆಯನ್ನೇ ತೆರೆದರು. ಅದರಲ್ಲಿ ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಫೈಲ್ ಇತ್ತು. ಕಂಪ್ಯೂಟರ್ ಕೋಣೆ ಮುಚ್ಚಿದ ಕೊನೆಯ ದಿನ, ಯಂತ್ರಗಳನ್ನು ಒಂದೊಂದಾಗಿ ಆರಿಸುವುದಕ್ಕೆ ಮೊದಲು, ಅವರು ಅಲ್ಲಿನ ಗುಂಯ್ ಎನ್ನುವ ಸದ್ದನ್ನು ಆಗಿದ್ದ ಹಳೆಯ ಫೋನಿನಲ್ಲಿ ಹಿಡಿದು, ಆಮೇಲೆ ಇಲ್ಲಿಗೆ ಸಾಗಿಸಿಕೊಂಡಿದ್ದರು. ಮಾತಿಲ್ಲ, ಹಾಡಿಲ್ಲ, ಬರೀ ಗುಂಯ್. ಮನಸ್ಸು ತೀರಾ ಕೆಟ್ಟ ದಿನ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದರು. ಅದನ್ನು ಕೇಳೋಣ ಎಂದು ಬಾಗಿಲು ತೆರೆದರೆ, ಬಾಗಿಲಿದೆ, ಅದರಾಚೆ ಏನೂ ಇಲ್ಲ.

ಹೆಂಡತಿಯ ಬಾಗಿಲು ತೆರೆದರು. ಏನೂ ಇಲ್ಲ. ಮಗಳದು, ಇಲ್ಲ. ಕೊನೆಗೆ ಅತ್ತೆಯವರ ಬಾಗಿಲು ತೆರೆದರು, ಅಲ್ಲೂ ಇಲ್ಲ. ಬ್ಯಾಕಪ್ಪು? ಅದು ತಮ್ಮ ಕೋಣೆಯಲ್ಲಿ ಭದ್ರವಾಗಿತ್ತು, ಆ ಕೋಣೆಯ ಜೊತೆಗೇ ಭದ್ರವಾಗಿ ಹೋಗಿತ್ತು. ‘ಹೊಸಿಲು ದಾಟಬೇಡ’ ಎಂದದ್ದು ಆಗ ನೆನಪಾಯಿತು. ಯಜಮಾನರು ಸರ್ವರಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಮಾವನವರು ಎರಡನೆಯ ಸಲ ತೀರಿಕೊಂಡಿದ್ದರು, ಈ ಸಲ ಅಳಿಯನ ಕೈಯಿಂದ.

“ರೀ, ಚಹಾ ಆರೋಗ್ತಾ ಇದೆ,” ಎಂದು ಹೆಂಡತಿ ಕೂಗಿದಳು.

“ಬಂದೆ,” ಎಂದರು. ಸಣ್ಣ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಬಂದರು: ‘ಒಳಗೆ ದುರಸ್ತಿ ನಡೆಯುತ್ತಿದೆ. ಸಹಕರಿಸಿ.’

ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ಕಾರ್ಖಾನೆಯಲ್ಲಿ ಗಾಜು ಒರೆಸುತ್ತಿದ್ದರೆ ಅದರಲ್ಲಿ ತಮ್ಮ ಮುಖವೇ ಕಂಡು ಇನ್ನಷ್ಟು ಒರೆಸುತ್ತಿದ್ದರು. ಮನೆಯಲ್ಲಿ ಯಾರು ಬಾಯಿ ತೆರೆದರೂ ಎದ್ದು ಬಾಲ್ಕನಿಗೆ ಹೋಗುತ್ತಿದ್ದರು. ಈಗ ಕೇಳುತ್ತಾರೆ, ಇನ್ನೊಂದು ಗಳಿಗೆಗೆ ಕೇಳುತ್ತಾರೆ. ಯಾರೂ ಕೇಳಲಿಲ್ಲ. ತಡೆಯಲಾರದೆ ಅವರೇ ಮಗಳ ಕೋಣೆಗೆ ಹೋದರು.

“ನಿನ್ನ ನಕ್ಷೆ ಯಾವಾಗ ಕೊಡ್ಬೇಕಮ್ಮ?”

“ಕೊಟ್ಟೆ ಅಪ್ಪಾ. ನಿನ್ನೇನೇ. ಮೇಷ್ಟ್ರು ಚೆನ್ನಾಗಿದೆ ಅಂದ್ರು.”

ಕೊಟ್ಟಳೇ? ಎಲ್ಲಿಂದ ಕೊಟ್ಟಳು? ಪಾಪ, ಎಲ್ಲ ಹೋದದ್ದನ್ನು ಕಂಡು, ಅಪ್ಪನಿಗೆ ನೋವಾದೀತೆಂದು ಬಾಯಿ ಬಿಡದೆ, ಮೊದಲಿಂದ ಇಡೀ ಕಟ್ಟಡವನ್ನು ಮತ್ತೆ ಬರೆದಿರಬೇಕು. ಹೆಂಡತಿಯ ಶಾಲೆಯಲ್ಲಿ ಪರೀಕ್ಷೆಯೂ ನಡೆಯಿತು, ಪ್ರಶ್ನೆಪತ್ರಿಕೆಗಳೂ ಹಂಚಿಹೋದವು. ಅವಳ ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟು ಕೂತು ಕೈಯಲ್ಲೇ ಎಲ್ಲ ಬರೆದಿದ್ದಾಳೆ! (ಅವಳಿಗೆ ನೆಗಡಿಯಾಗಿತ್ತು. ಹಾಗೆಂದು ಅವಳು ಎರಡು ಸಲ ಹೇಳಿಯೂ ಇದ್ದಳು.) ಇಂಥ ಹೆಂಡತಿ ಮಕ್ಕಳನ್ನು ಪಡೆದ ತಾವು ಎಂಥ ಪಾಪಿ ಎಂದು ಯಜಮಾನರು ಅನ್ನ ನೀರು ಬಿಟ್ಟವರಂತಾದರು.

ಇಷ್ಟನ್ನೂ ಸಹಿಸಿಕೊಂಡಾರು. ಅತ್ತೆಯವರ ಒಂದು ಮಾತು ಅವರನ್ನು ಮುರಿಯಿತು. ಒಂದು ಸಂಜೆ ಅತ್ತೆಯವರು ಹೆಣಿಗೆ ಕೆಳಗಿಟ್ಟು, ಕನ್ನಡಕದ ಮೇಲಿಂದ ನೋಡುತ್ತ ಹೇಳಿದರು:

“ಅಳಿಯಂದ್ರೇ, ನನ್ನ ಕೋಣೆ ಇವತ್ತು ಯಾಕೋ ಸ್ವಲ್ಪ ನಿಧಾನ. ಒಂದು ಸಲ ನೋಡಿ.”

ಇಲ್ಲವೇ ಇಲ್ಲದ ಕೋಣೆ ನಿಧಾನವಾಗಿರುವುದು ಹೇಗೆ? ಬುದ್ಧಿ ನೆಟ್ಟಗಿದ್ದವನಿಗೆ ಆಗಲೇ ಅನುಮಾನ ಬರಬೇಕಿತ್ತು. ಯಜಮಾನರ ಕಣ್ಣಿಗೆ ಕಂಡದ್ದು ಬೇರೆ ಚಿತ್ರ: ಮುದುಕಿ ಖಾಲಿ ಪರದೆಯ ಮುಂದೆ ಕೂತು, ಗುಂಡಿಯನ್ನು ಒತ್ತಿ ಒತ್ತಿ, ಇನ್ನೇನು ಗಂಡನ ದನಿ ಬರುತ್ತದೆ, ಯಾಕೋ ತಡವಾಗುತ್ತಿದೆ ಎಂದು ಕಾಯುತ್ತಿದ್ದಾಳೆ. ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದು ಊಟಕ್ಕೆ ಎಲ್ಲರೂ ಕೂತ ಮೇಲೆ ಯಜಮಾನರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

“ಒಂದು ಮಾತು ಹೇಳ್ಬೇಕು. ಆಮೇಲೆ ನೀವು ನನ್ನನ್ನ ಏನು ಬೇಕಾದ್ರೂ ಮಾಡಿ.” ಮೇಜಿನ ಮೇಲೆ ಎರಡೂ ಕೈ ಊರಿದರು. “ಎಲ್ಲಾ ಹೋಯ್ತು. ನಾಲ್ಕೂ ಕೋಣೆ. ನಾನೇ ತೊಳೆದುಬಿಟ್ಟೆ. ಪ್ರಶ್ನೆಪತ್ರಿಕೆ, ನಕ್ಷೆ... ಅತ್ತೆ, ಮಾವನವರ ಧ್ವನಿ... ಅದೂ ಇಲ್ಲ.”

ಹೆಂಡತಿ ಮಗಳನ್ನು ನೋಡಿದಳು. ಮಗಳು ಅಜ್ಜಿಯನ್ನು ನೋಡಿದಳು. ಅಜ್ಜಿ ನೀರಿನ ಲೋಟವನ್ನು ನೋಡಿದರು.

“ಹೋದ್ರೆ ಹೋಯ್ತು ಬಿಡಿ ಅಳಿಯಂದ್ರೇ,” ಎಂದರು ಕೊನೆಗೆ. “ಮನುಷ್ಯರೇ ಹೋಗ್ತಾರೆ. ಊಟ ಮಾಡಿ.”

“ಪರವಾಗಿಲ್ಲ ಅಪ್ಪಾ.”

“ಬೇಜಾರು ಮಾಡ್ಕೋಬೇಡಿ ರೀ.”

ಇಷ್ಟೇ! ಒಂದು ಬೈಗುಳವಿಲ್ಲ, ಒಂದು ನಿಟ್ಟುಸಿರೂ ಇಲ್ಲ. ಇಷ್ಟು ದೊಡ್ಡ ಮನಸ್ಸಿನವರ ನಡುವೆ ಇಷ್ಟು ವರ್ಷ ಗೊಣಗಾಡುತ್ತ ಬದುಕಿದೆನಲ್ಲ ಎಂದು ಯಜಮಾನರ ಕಣ್ಣಲ್ಲಿ ನೀರು ಬಂತು. ಆ ಆವೇಶದಲ್ಲಿ ಎದ್ದು ನಿಂತರು.

“ಇಲ್ಲ. ಹೀಗೆ ಬಿಡೋದಿಲ್ಲ. ಅಳಿಸಿದ ಡಿಸ್ಕಿಂದಲೂ ಹೊರಗೆ ತೆಗೆಯೋ ತಜ್ಞರು ಎಲ್ಲೋ ಇದ್ದಾರಂತೆ. ನಾಳೇನೇ ಸ್ಕೂಟರ್ ಮಾರಿಬಿಡ್ತೀನಿ. ಸಾಲದಿದ್ರೆ ನನ್ನ ಉಂಗುರ ಇದೆ. ಅತ್ತೆ, ಮಾವನವರ ಧ್ವನಿ ನಿಮ್ಮ ಕೈಗೆ ವಾಪಸು ಕೊಡೋ ತನಕ ನಾನು...”

“ಅಮ್ಮ, ಹೇಳ್ಬಿಡು,” ಎಂದಳು ಮಗಳು.

“ನೀನೇ ಹೇಳು.”

“ಅಜ್ಜಿ, ನೀವು ಹೇಳಿ.”

ಅತ್ತೆಯವರು ಸೊಂಟದ ಚೀಲದಿಂದ ತಮ್ಮ ಫೋನ್ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಒಂದು ಕಡೆ ಒತ್ತಿದರು. ಊಟದ ಮನೆ ತುಂಬ ಮಾವನವರು ಗರ್ಜಿಸಿದರು: “ತಳ ನೋಡಿದೀಯೇನೋ ಟ್ಯಾಂಕಿಂದು? ಪಾಚಿ ಹಾಗೇ ಇದೆ! ಇದೇ ನೀರು ನಿಂಗೇ ಕುಡಿಸ್ತೀನಿ!”

ಯಜಮಾನರು ನಿಂತಲ್ಲೇ ನಿಂತರು. ಮಾವನವರು ತಮಗೇ ಬೈದಂತಿತ್ತು.

“ಹೋದ ವರ್ಷ ನೀವು ಫ್ಯಾನ್ ಸರಿಯಿಲ್ಲ ಅಂತ ಸರ್ವರನ್ನೇ ಬಿಚ್ಚಿ ಹರಡಿಕೊಂಡು ವಾರಗಟ್ಟಲೆ ಕೂತಿದ್ರಲ್ಲ,” ಎಂದಳು ಹೆಂಡತಿ ಮೆಲ್ಲಗೆ. “ಆಗ ನನಗೆ ಪರೀಕ್ಷೆ ಕಾಲ. ಆಮೇಲೆ ನಂದೆಲ್ಲ ಶಾಲೆ ಕಂಪ್ಯೂಟರಿಗೇ ಹಾಕ್ಕೊಂಡೆ.”

“ನಂದು ಕಾಲೇಜಲ್ಲಿದೆ ಅಪ್ಪಾ. ಅಜ್ಜಿದು ನಾನೇ ಫೋನಿಗೆ ಹಾಕಿಕೊಟ್ಟೆ.”

“ಅಂದ್ರೆ ಆವತ್ತಿಂದ ಕೋಣೇಲಿ...”

“ಯಾರೂ ಇಲ್ಲ,” ಎಂದರು ಅತ್ತೆ. “ದೀಪ ಮಾತ್ರ ಹಾಕಿಟ್ಟಿದ್ವಿ.”

ಯಜಮಾನರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ಮತ್ತೆ ವಾರ ವಾರ ದೂರು? ನಿಧಾನ ಇದೆ, ಬಾಗಿಲು ತೆಗೀತಿಲ್ಲ...?”

“ಸರದಿ ಮಾಡ್ಕೊಂಡಿದ್ವಿ,” ಎಂದರು ಅತ್ತೆ. “ಈ ವಾರ ನಂದು.”

“ಅಮ್ಮ!” ಎಂದು ಹೆಂಡತಿ ಗದರಿದಳು. ಆಮೇಲೆ ಗಂಡನ ಕಡೆ ತಿರುಗಿದಳು. “ನೀವು ಆ ಗಾಜು ಒರೆಸೋ ಕೆಲಸದಿಂದ ಬಂದು ಸೋಫಾದಲ್ಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ಒಂದಿನ ನನಗೆ ಏನು ಮಾತಾಡೋದು ಅಂತ ತೋಚದೆ, ಯಂತ್ರ ನಿಧಾನ ಇದೆ ಅಂದೆ. ಎದ್ದು ಓಡಿದ್ರಿ. ಆವತ್ತು ಎರಡು ಸಲ ಬಡಿಸ್ಕೊಂಡು ಊಟ ಮಾಡಿದ್ರಿ. ಅದಕ್ಕೇ...”

ಸಿಟ್ಟು ಬರಬೇಕಿತ್ತು. ಬರುವ ಹಾಗೆ ಮಾಡಿ ಹಾಗೇ ಇಳಿಯಿತು. ಅವಮಾನವಾಯಿತು. ಅದರ ಹಿಂದೆಯೇ, ಇಷ್ಟು ದಿನ ಈ ಮೂವರೂ ತಮಗಾಗಿ ಹುಸಿ ದೂರುಗಳನ್ನು ಹುಡುಕುತ್ತ ಕೂತಿದ್ದರಲ್ಲ ಎಂಬ ದುಃಖ ಒತ್ತರಿಸಿ ಬಂತು. ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೊಳೆಯಿತು: ಆ ಮನೆಯಲ್ಲಿ ಯಜಮಾನರನ್ನು ನಂಬಿ ಹಾಳಾದವರು ಒಬ್ಬರೇ, ಅದು ಯಜಮಾನರು.

“ನಿಮ್ಮದು ಏನಾದ್ರೂ ಇತ್ತೇನ್ರೀ ಅದರಲ್ಲಿ?” ಎಂದು ಹೆಂಡತಿ ಕೇಳಿದಳು.

“ಏನಿಲ್ಲ,” ಎಂದರು. “ಬರೀ ಸದ್ದು.”

ಮರುದಿನ ಅವರು ಸರ್ವರನ್ನು ಆರಿಸಿದರು. ಮನೆ ಇದ್ದಕ್ಕಿದ್ದಂತೆ ಎಷ್ಟು ಶಾಂತವಾಯಿತೆಂದರೆ ಬಾಲ್ಕನಿಯ ನಲ್ಲಿ ತೊಟ್ಟಿಕ್ಕುವುದು ಕೂಡ ಕೇಳಿಸತೊಡಗಿತು. ಬಟ್ಟೆ ಒಗೆಯುವ ಯಂತ್ರವನ್ನು ಒಳಗೆ ತಂದುಬಿಡಿ ಎಂದು ಅವರೇ ಹೇಳಿದರು. ಯಾರೂ ತರಲಿಲ್ಲ. ಸಂಜೆ ಬಂದವರು ಬೂಟು ಬಿಚ್ಚಿ ಸೋಫಾದಲ್ಲಿ ಕೂತು ಗೋಡೆ ನೋಡುತ್ತಿದ್ದರು. ದೂರು ಹೇಳೋಣವೆಂದರೆ ಇನ್ನು ಯಾವುದರ ಮೇಲೆ ಹೇಳುವುದು? ಹೆಂಡತಿ ಒಮ್ಮೆ ಮಿಕ್ಸಿ ಕೆಟ್ಟಿದೆ ಎಂದು ಹೇಳಿ ನೋಡಿದಳು. “ಅಂಗಡಿಯವನನ್ನ ಕರೆಸು,” ಎಂದರು ಯಜಮಾನರು.

ಆ ಮಾತು ಕೇಳಿ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಒಂದು ಭಾನುವಾರ ಮೂವರೂ ಸೇರಿ ನಿಯೋಗ ಬಂದಂತೆ ಬಂದು ಸೋಫಾದ ಮುಂದೆ ನಿಂತರು.

“ರೀ, ನಮಗೆ ಮತ್ತೆ ಕೋಣೆ ಬೇಕು.”

“ಏನಿಡ್ತೀರಾ?”

ಇದಕ್ಕೆ ಅವರು ತಯಾರಾಗಿ ಬಂದಿರಲಿಲ್ಲ. “ಸಂಸಾರ ಅಂದ್ಮೇಲೆ ಇಡೋಕೆ ಏನಾದ್ರೂ ಇದ್ದೇ ಇರುತ್ತೆ,” ಎಂದಳು ಹೆಂಡತಿ.

“ನಂದು ಗಾಳಿ ಬೆಳಕು ಇರೋ ಕಡೆ ಇರ್ಲಿ,” ಎಂದರು ಅತ್ತೆ. “ಹೋದ ಸಲ ಹಿತ್ತಲಲ್ಲಿ ಹಾಕಿದ್ರಂತೆ.”

ಇದು ಕರುಣೆ ಎಂದು ಯಜಮಾನರಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದರು, ಬಹಳ ಬೇಗ ಎದ್ದರು ಎಂದೇ ಹೇಳಬೇಕು. ಸಣ್ಣ ಕೋಣೆಗೆ ಹೋಗಿ ಗುಂಡಿ ಒತ್ತಿದರು. ಕೋಣೆಗಳನ್ನು ಈ ಸಲ ದೊಡ್ಡ ಮನೆಯೊಳಗೇ ಕಟ್ಟಿದರು. ಮೂವರೂ ಬಾಗಿಲಲ್ಲಿ ಒತ್ತೊತ್ತಾಗಿ ನಿಂತು ನೋಡುತ್ತಿದ್ದರು.

“ಪಾಸ್‌ವರ್ಡ್ ಹೊಸದೋ ಹಳೇದೋ?” ಎಂದು ಕೇಳಿದರು ಹೆಂಡತಿಯನ್ನು.

“ಹಳೇದೇ ಇರ್ಲಿ ರೀ. ಅದೇ ಬಾಯಿಪಾಠ ಆಗಿದೆ.”

“ಸರಿ, ಒತ್ತು.”

ಅವಳು ಬಂದು ಕೂತು ಕೀಲಿಗಳ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಒಂದು ಅಕ್ಷರ ಒತ್ತಿದಳು, ಅಳಿಸಿದಳು. ಮಗಳ ಕಡೆ ನೋಡಿದಳು. ಮಗಳು ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡಂತೆ ನೋಡತೊಡಗಿದಳು.

“ನಂದೂ ಹಳೇದೇ,” ಎಂದರು ಅತ್ತೆ ಅವಸರದಿಂದ, ಕಣ್ಣ ಮೇಲಿದ್ದ ಕನ್ನಡಕ ತೆಗೆದು ಸೆರಗಿನಲ್ಲಿ ಮುಚ್ಚುತ್ತ. “ಆದ್ರೆ ಈಗ ಕಣ್ಣು ಸರಿಯಾಗಿ ಕಾಣ್ತಿಲ್ಲ.”

ಯಜಮಾನರು ಮೂವರ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡು, ಮೂರೂ ಬಾಗಿಲುಗಳನ್ನು ಬೀಗವಿಲ್ಲದೆ ಮಾಡಿದರು. ಕಳ್ಳ ನುಗ್ಗಿದರೂ ಒಯ್ಯುವುದಕ್ಕೆ ಏನೂ ಇರುವುದಿಲ್ಲ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

“ಆಯ್ತು. ನೋಡಿ,” ಎಂದರು.

ಒಬ್ಬೊಬ್ಬರಾಗಿ ಬಗ್ಗಿ ತಮ್ಮ ತಮ್ಮ ಖಾಲಿ ಕೋಣೆಯನ್ನು ನೋಡಿದರು. ಚೆನ್ನಾಗಿದೆ ಎಂದರು.